ಕುರಿ ಬೇರೆ, ಆಡು ಬೇರೆ

ಕುರಿಮರಿಗಳಿಗೆ ಮರದ ಸೊಪ್ಪು ತಿನ್ನಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಅಣ್ಣಾ ನಗರದ ನಮ್ಮ ಮನೆಗೆ ಬರುತ್ತಾರೆ. ಎಷ್ಟು ಸೊಪ್ಪು ಹಾಕಬೇಕು, ಯಾವ ಹೊತ್ತಿಗೆ, ಎಳೆಯದೋ ಬಲಿತದ್ದೋ ಎಂದು ಕೇಳುತ್ತಾರೆ. ಅದೆಲ್ಲ ಈಗ ಪುಸ್ತಕದಲ್ಲಿದೆ, ಓದಿಕೊಳ್ಳಿ ಎನ್ನುತ್ತೇನೆ. ಪುಸ್ತಕದಲ್ಲಿ ಇಲ್ಲದ್ದು ಒಂದೇ, ಹೊಟ್ಟೆಕಿಚ್ಚು. ಕುರಿಗೆ ನಾಲ್ಕು ಹೊಟ್ಟೆ ಎಂದು ಪಶುವೈದ್ಯರು ಮೊದಲ ವರ್ಷವೇ ಓದುತ್ತಾರೆ. ನನಗಿದ್ದದ್ದು ಒಂದೇ ಹೊಟ್ಟೆ, ಆದರೆ ಅದರಲ್ಲಿ ಎದ್ದ ಕಿಚ್ಚು ನಾಲ್ಕಕ್ಕೂ ಹಂಚಿ ಮಿಗುತ್ತಿತ್ತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಎಲ್ಲ ಬಿಟ್ಟು ಅದನ್ನೇ ಹೇಳುತ್ತೇನೆ.

ನಾನು ಚಿತ್ರದುರ್ಗದ ಕಡೆಯವಳು. ಮನೆಯ ಮುಂದೆ ಹಿಂಡು ಹೋಗದ ದಿನವನ್ನೇ ಕಾಣದೆ ಬೆಳೆದವಳು. ಓದು ಮುಗಿಸಿ, ಮದುವೆಯಾಗಿ, ಗಂಡನ ರೈಲ್ವೆ ಕೆಲಸದ ಹಿಂದೆ ಮದ್ರಾಸಿಗೆ ಬಂದೆ. ಪೆರಂಬೂರಿನಲ್ಲಿ ಮನೆ. ಎಪ್ಪತ್ತರ ದಶಕದ ನಡುವಿನಲ್ಲಿ ಮಾಧವರಂ ಹಾಲಿನ ಡೈರಿಯನ್ನು ದಾಟಿದ ಮೇಲೆ ಬರುವ ಒಂದು ಕುರಿ ಫಾರಂನಲ್ಲಿ ನನಗೆ ಕೆಲಸ ಸಿಕ್ಕಿತು. ಆ ಕಾಲಕ್ಕೆ ಕುರಿ ಹಟ್ಟಿಯಲ್ಲಿ ಸೀರೆಯುಟ್ಟ ಡಾಕ್ಟರು ಎಂದರೆ ಜನ ನಿಂತು ನೋಡುತ್ತಿದ್ದರು. ನನ್ನನ್ನು ಯಾರೂ ನಿಂತು ನೋಡಲಿಲ್ಲ. ಏಕೆಂದರೆ ಅಲ್ಲಿ ಮೊದಲೇ ಒಬ್ಬಳು ಇದ್ದಳು, ರುಕ್ಮಿಣಿ.

ರುಕ್ಮಿಣಿಯದೂ ಕನ್ನಡದ ಮನೆ. ಅವಳ ಮುತ್ತಜ್ಜ ಮೇಲುಕೋಟೆ ಕಡೆಯಿಂದ ಬಂದು ತಿರುವಲ್ಲಿಕ್ಕೇಣಿಯಲ್ಲಿ ನೆಲೆನಿಂತವರಂತೆ. ಮೂರು ತಲೆಮಾರಿನಲ್ಲಿ ಅವರ ಕನ್ನಡ ಅರ್ಧಕ್ಕರ್ಧ ತಮಿಳಾಗಿತ್ತು. ಅವಳು ಪ್ಯಾರೀಸ್ ಕಾರ್ನರಿನಲ್ಲೇ ಬಸ್ಸು ಹತ್ತುತ್ತಿದ್ದಳು. ಬಸ್ಸು ಪೆರಂಬೂರಿಗೆ ಬರುವಷ್ಟರಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಅವಳು ಕಿಟಕಿಯ ಪಕ್ಕ ಆರಾಮಾಗಿ ಕೂತು, ತನ್ನ ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು, "ಸರ್ವಮಂಗಳಾ, ಬನ್ನಿ ಬನ್ನಿ, ನಿಮಗೆ ಇಡಂ ಇಟ್ಟಿದೀನಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಕರೆಯುತ್ತಿದ್ದಳು. ದಿನಾ ಸೀಟು ಹಿಡಿದಿಡುವವಳನ್ನು ದ್ವೇಷಿಸುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಆ ಕಷ್ಟವನ್ನೂ ನಾನು ಪಟ್ಟೆ.

ನನ್ನ ಮೊದಲ ಎಡವಟ್ಟು ಮೊದಲ ದಿನವೇ ಆಯಿತು. ನಮ್ಮ ಮೇಲಧಿಕಾರಿ ಸಾಂಬಮೂರ್ತಿಗಳು ಹಟ್ಟಿಯ ಬಾಗಿಲಲ್ಲಿ ನಿಂತು, "ಆಟ್ಟುಕ್ಕುಟ್ಟಿಯೆಲ್ಲಾಂ ಕೊಂಡುವಾಂಗಮ್ಮಾ, ವೆಯ್ಟ್ ಪಾಕ್ಕಣುಂ" ಎಂದರು. ಮರಿಗಳನ್ನು ತನ್ನಿ, ತೂಕ ನೋಡಬೇಕು ಎಂದು ಅರ್ಥವಾಯಿತು. ಕುಟ್ಟಿ ಎಂದರೆ ಮರಿ. ಆಡು ಎಂದರೆ ನಮ್ಮೂರಿನಲ್ಲಿ ಮೇಕೆ. ಅನುಮಾನವೇ ಇಲ್ಲದೆ ಆಚೆ ಕೊಟ್ಟಿಗೆಗೆ ಹೋಗಿ, ಮೇಕೆಮರಿಗಳನ್ನೆಲ್ಲ ಅಟ್ಟಿಸಿಕೊಂಡು ಬಂದೆ. ಅವು ತಕ್ಕಡಿಯ ಜೋಲಿಯಿಂದ ಹಾರಿ ಸಾಂಬಮೂರ್ತಿಗಳ ಇಸ್ತ್ರಿ ಪಂಚೆಯ ಮೇಲೆ ನಾಲ್ಕು ಗೊರಸಿನ ಗುರುತು ಒತ್ತಿದವು. ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ರುಕ್ಮಿಣಿ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಇಲ್ಲಿ ಆಡು ಅಂದ್ರೆ ಎರಡೂ ಸೇರಿ. ವೆಳ್ಳಾಡು ಅಂದ್ರೆ ನಿಮ್ಮ ಆಡು, ಸೆಮ್ಮರಿಯಾಡು ಅಂದ್ರೆ ನಿಮ್ಮ ಕುರಿ. ಬರೀ ಆಡು ಅಂದ್ರೆ ಜಾಗ ನೋಡಿ ತಿಳ್ಕೋಬೇಕು. ಕೋವಿಚ್ಚುಕೊಬೇಡಿ, ಸಿಟ್ಟಾಗಬೇಡಿ" ಎಂದು ಸಮಾಧಾನ ಹೇಳಿದಳು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಸಾಂಬಮೂರ್ತಿಗಳಿಗೆ ನಾನು 'ಕನ್ನಡತ್ತಮ್ಮ' ಆದೆ. ರುಕ್ಮಿಣಿ ಮಾತ್ರ ರುಕ್ಮಿಣಿಯೇ. ಯಾರು ಬಂದರೂ "ಇವರು ನಮ್ಮ ರುಕ್ಮಿಣಿ, ಅದು ಕನ್ನಡತ್ತಮ್ಮ" ಎಂದು ಪರಿಚಯಿಸುತ್ತಿದ್ದರು. ಅವಳೂ ಕನ್ನಡದವಳೇ ಎಂಬುದು ಆ ಫಾರಂನಲ್ಲಿ ಯಾರಿಗೂ ನೆನಪಿರಲಿಲ್ಲ, ನನಗೊಂದು ಹೆಸರಿದೆ ಎಂಬುದೂ ನೆನಪಿರಲಿಲ್ಲ. ನನ್ನ ಹೆಸರು ಸರ್ವಮಂಗಳಾ. ಅದನ್ನು ಆ ಮನುಷ್ಯನ ಬಾಯಲ್ಲಿ ಒಂದು ಸಲವಾದರೂ ಕೇಳಬೇಕು ಎಂಬ ಹಟ ನನ್ನಲ್ಲಿ ಬೇರುಬಿಟ್ಟಿತು.

ಸಾಂಬಮೂರ್ತಿಗಳನ್ನು ಕೆಟ್ಟವರು ಎನ್ನಲಾರೆ. ಅವರದೊಂದು ವಿಚಿತ್ರ ಪದ್ಧತಿ ಇತ್ತು. ಯಾವ ಸೊಪ್ಪು ಬಂದರೂ ಮೊದಲು ತಾವೇ ಒಂದೆಲೆ ಬಾಯಿಗೆ ಹಾಕಿ ಅಗಿಯುತ್ತಿದ್ದರು. "ನಾನು ತಿನ್ನದ್ದನ್ನು ಮರಿಗೆ ಹಾಕುವುದಿಲ್ಲ" ಎನ್ನುತ್ತಿದ್ದರು. ಅವರ ತಲೆಯಲ್ಲಿ ಆಗಲೇ ಕೂದಲು ಕಡಿಮೆ. ಇದನ್ನು ಈಗ ಏಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಆಗಿನ ಕೆಲಸದ ಬಗ್ಗೆ ಒಂದು ಮಾತು. ನಮ್ಮ ಕೆಂಪು ಕುರಿಗಳು ಬಯಲಲ್ಲಿ ಮೇಯ್ದೇ ಬದುಕುವವು. ಬೇಸಿಗೆಯಲ್ಲಿ ಬಯಲು ಬೋಳು. ತಾಯಿಯ ಹಾಲು ಬಿಟ್ಟ ಮರಿಗಳು ದಿನವೆಲ್ಲ ಅಲೆದು ಸಂಜೆಗೆ ಹಸಿದೇ ಬರುತ್ತಿದ್ದವು. ಕಡಲೆಕಾಯಿ ಹಿಂಡಿ ಕೊಟ್ಟರೆ ಬೆಳೆಯುತ್ತವೆ, ಆದರೆ ಯಾವ ಕುರುಬ ಕೊಟ್ಟಾನು? ಅದಕ್ಕೇ ಬೇಲಿಯ ಸಾಲಿನಲ್ಲೇ ಬೆಳೆಯುವ ಗಿಡಗಳ ಸೊಪ್ಪಿನ ಯೋಚನೆ ಬಂತು. ಬೆಳಿಗ್ಗೆ ಹಾಕಿದರೆ ಮರಿಗಳು ಮೇಯಲು ಮೈಗಳ್ಳತನ ಮಾಡುತ್ತವೆ, ಮೇಯ್ದು ಬಂದ ಮೇಲೆ ಸಂಜೆ ಕಟ್ಟು ಕಟ್ಟಿ ತೂಗುಹಾಕಬೇಕು ಎಂಬುದು ನನಗೆ ಹೊಳೆದಿತ್ತು. ಸಭೆಯಲ್ಲಿ ಹೇಳಲು ನಾನು ತಮಿಳು ಪದಗಳನ್ನು ಹೊಂದಿಸಿಕೊಳ್ಳುತ್ತಿದ್ದಾಗ ರುಕ್ಮಿಣಿ ಅದನ್ನೇ ಸರಾಗವಾಗಿ ಹೇಳಿಬಿಟ್ಟಳು. ಅವಳಿಗೂ ತಾನೇ ಹೊಳೆದಿದ್ದಿರಬೇಕು. ಇರಲಿ. ಇಂದಿಗೂ ಇರಲಿ ಎಂದೇ ಹೇಳುತ್ತೇನೆ, ಇಂದಿಗೂ ಅದು ಇಳಿಯುವುದಿಲ್ಲ.

ಸಾಂಬಮೂರ್ತಿಗಳು ಮರಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಗಸೆ ಮರದ ಸೊಪ್ಪು, ತಮಿಳರ ಅಗತ್ತಿ. ಇನ್ನೊಂದಕ್ಕೆ ಸುಬಾಬುಲ್ ಎಂಬ ಮೇವಿನ ಮರದ್ದು. ಸುಬಾಬುಲ್ ಎಂದರೆ ಆಗ ಹೊಸ ಮದುಮಗಳು. ಎಲ್ಲಿ ನೋಡಿದರೂ ಅದರದೇ ಮಾತು. ಅದು ರುಕ್ಮಿಣಿಯ ಪಾಲಾಯಿತು. ಹಳೇ ಅಗಸೆ ನನಗೆ. ಜೊತೆಗೆ ಸಾಂಬಮೂರ್ತಿಗಳು ಇನ್ನೊಂದು ಮಾತು ಹೇಳಿದರು: ಚಳಿಗಾಲ ಮುಗಿದ ಮೇಲೆ ಹೊಸೂರು ಕಡೆಯ ಕುರುಬರನ್ನು ಬಸ್ಸಿನಲ್ಲಿ ಕರೆಸಿ ಬೀಜ ಹಂಚುತ್ತೇವೆ, ಯಾರ ಮರಿಗಳು ಚೆನ್ನಾಗಿ ಬೆಳೆಯುತ್ತವೋ ಅವರೇ ಕುರುಬರ ಮುಂದೆ ನಿಂತು ಮಾತಾಡಬೇಕು. ಹೊಸೂರಿನ ಕುರುಬರು ಎಂದರೆ ಕನ್ನಡ ಮಾತಾಡುವವರು. ನನಗೆ ಬೇಕಾಗಿದ್ದದ್ದು ಅಷ್ಟೇ. ನನ್ನ ಮಾತು ತಿಳಿಯುವ ಜನರ ಮುಂದೆ, ಆ ಮೇಲಧಿಕಾರಿಯ ಕಣ್ಣೆದುರಿಗೆ ನಿಲ್ಲುವುದು.

ಅಗಸೆಯನ್ನು ನಂಬಿ ಕೆಟ್ಟೆ ಅನ್ನಿಸುವ ದಿನಗಳು ಬಂದವು. ಅಮಾವಾಸ್ಯೆಗೆ ಹಸುವಿಗೆ ಅಗಸೆ ಸೊಪ್ಪು ತಿನ್ನಿಸಿದರೆ ಪುಣ್ಯ ಎಂಬುದು ಅಲ್ಲಿಯ ನಂಬಿಕೆ. ಅಂದು ಡೈರಿಯ ಕಡೆಯ ಹೆಂಗಸರೆಲ್ಲ ನಮ್ಮ ಗೇಟಿನಲ್ಲಿ ಸಾಲುಗಟ್ಟಿ, "ಒರು ಪಿಡಿ ಕುಡಮ್ಮಾ" ಎಂದು ಹಿಡಿ ಸೊಪ್ಪಿಗೆ ಕೈಯೊಡ್ಡುತ್ತಿದ್ದರು. ಮರಿಗಳ ಆಳು ಕುಪ್ಪುಸ್ವಾಮಿ ಧರ್ಮರಾಯನಂತೆ ಹಂಚುತ್ತಿದ್ದ. ಜಂತುಹುಳದ ಔಷಧಿ ಕುಡಿಸಿದ ದಿನವಂತೂ ಅವನು ಸೊಪ್ಪು ಹಾಕುವುದೇ ಇಲ್ಲ ಎಂದು ಹಟ ಹಿಡಿದ. "ಅಗತ್ತಿ ಮರುಂದೈ ಮುರಿಕ್ಕುಂ" ಎಂದ. ಅಗಸೆ ಔಷಧಿಯ ಶಕ್ತಿಯನ್ನು ಮುರಿಯುತ್ತದಂತೆ. ನಾನು ಗದರಿದೆ, ಪುಸ್ತಕ ತೋರಿಸಿದೆ. ಅವನು ನನ್ನ ಮುಂದೆ ಸೊಪ್ಪು ಕಟ್ಟಿ, ನಾನು ಬಸ್ಸಿಗೆ ಹೋದ ಮೇಲೆ ಬಿಚ್ಚಿಡುತ್ತಿದ್ದ. ಕಡೆಗೆ ಔಷಧಿಯ ದಿನಗಳಲ್ಲಿ ಮಾಧವರಂನಿಂದ ಹೊರಡುವ ಕೊನೆಯ ಬಸ್ಸಿಗೆ ಕಾದುಕೊಂಡು, ಮರಿಗಳು ತಿಂದು ಮುಗಿಸುವುದನ್ನು ನೋಡಿಯೇ ಹೊರಡುವುದನ್ನು ಕಲಿತೆ. ಇದು ನಿಮಗೂ ಬೇಕಾಗುತ್ತದೆ: ಜನ ತಿನ್ನುವ ಸೊಪ್ಪನ್ನು ಮರಿಗೆ ಹಾಕುವಾಗ ಜನರ ಪಥ್ಯವೂ ಮರಿಗೆ ಅಂಟಿಕೊಳ್ಳುತ್ತದೆ.

ಇದು ಸಾಲದು ಎಂಬಂತೆ ದ್ವಾದಶಿಯ ದಿನ ರುಕ್ಮಿಣಿಯೇ ಬಂದು ನಿಂತಳು. "ಇವತ್ತು ಪಾರಣೆ. ಅಗತ್ತಿ ಇಲ್ಲದೆ ನಮ್ಮ ಅತ್ತೆ ಎಲೆ ಮುಂದೆ ಕೂರೋದಿಲ್ಲ. ನಾಳಿನ ಪಾಲಿಂದ ಒಂದು ಹಿಡಿ ಕೊಟ್ರೆ ರಾತ್ರಿಗಾದ್ರೂ ಆಗುತ್ತೆ." ನನ್ನ ಮರಿಗಳ ಎದುರಾಳಿ ನನ್ನ ಮರಿಗಳ ಊಟವನ್ನೇ ಕೇಳುತ್ತಿದ್ದಳು! ಕೊಟ್ಟೆ. ಮರುದಿನ ಒಂದು ಡಬ್ಬಿಯಲ್ಲಿ ಪಲ್ಯ ತಂದು, "ನಿಮ್ಮ ಮರದ್ದೇ" ಎಂದು ನನ್ನ ಕೈಗೆ ಕೊಟ್ಟಳು. ಪಲ್ಯ ಬಹಳ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಅತ್ತ ಅವಳ ಸುಬಾಬುಲ್ ಮರಿಗಳು ದಿನಕ್ಕೊಂದು ಚಂದ. ಸಂಜೆಯ ಸೊಪ್ಪನ್ನು ಅವಳು ಹದವಾಗಿ, ಹೊಟ್ಟೆಯ ಮೂರರಲ್ಲೊಂದು ಪಾಲಿಗೆ ಮೀರದಂತೆ ಕೊಡುತ್ತಿದ್ದಳು. ಕೆಂಪು ಮೈ ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ನನ್ನವೂ ಬೆಳೆದವು, ಆದರೆ ಅವುಗಳ ಪಕ್ಕ ನಿಂತರೆ ಮಲತಾಯಿ ಮಕ್ಕಳಂತೆ ಕಾಣುತ್ತಿದ್ದವು. ಬೆಳಿಗ್ಗೆ ಹಿಂಡು ಹೊರಡುವಾಗ ನಾನು ನನ್ನ ಮರಿಗಳನ್ನು ನೋಡುತ್ತಿರಲಿಲ್ಲ, ಅವಳವನ್ನೇ ನೋಡುತ್ತಿದ್ದೆ. ಒಂದಾದರೂ ಕುಂಟುತ್ತಿದೆಯೇ ಎಂದು.

ಆಗ ದಿಂಡಿಗಲ್ ಕಡೆಯ ಒಬ್ಬ ಅಧಿಕಾರಿ ಫಾರಂ ನೋಡಲು ಬಂದರು. ಚಹಾ ಕುಡಿಯುತ್ತ, ತಮ್ಮಲ್ಲಿಯ ಆಡುಗಳು ಸುಬಾಬುಲ್ ಸೊಪ್ಪನ್ನು ಹಾಕಿದಷ್ಟೂ ತಿನ್ನುತ್ತವೆ, ಬೇರೆ ಮೇವೇ ಬೇಡ, ಏನೂ ಆಗುವುದಿಲ್ಲ ಎಂದು ಹೊಗಳಿ ಎಗ್ಮೋರಿನ ರೈಲಿಗೆ ಹೊತ್ತಾಯಿತೆಂದು ಎದ್ದುಹೋದರು. ಸಾಂಬಮೂರ್ತಿಗಳಿಗೆ ಸಂಭ್ರಮ. "ರುಕ್ಮಿಣಿ, ನಾಳೆಯಿಂದ ಅಳತೆ ಬೇಡ. ಹೊಟ್ಟೆ ತುಂಬ ಹಾಕು. ಕುರುಬರಿಗೂ ಹಾಗೇ ಹೇಳೋಣ" ಎಂದರು.

ನನಗೆ ಕಿವಿ ನೆಟ್ಟಗಾಯಿತು. ಆ ಮನುಷ್ಯ ಹೇಳಿದ ಆಡು ಯಾವ ಆಡು? ಆ ಕಡೆ ಮೇಕೆಯೇ ಹೆಚ್ಚು. ಸುಬಾಬುಲ್ ಎಲೆಯಲ್ಲಿ ಒಂದು ಬಗೆಯ ವಿಷವಿದೆ. ಸೊಪ್ಪಿನಲ್ಲೇ ಹುಟ್ಟಿ ಬೆಳೆದ ಮೇಕೆಯ ಹೊಟ್ಟೆ ಅದನ್ನು ಅರಗಿಸಿಕೊಳ್ಳಲು ಕಲಿತಿರುತ್ತದೆ. ಬಯಲಲ್ಲಿ ಹುಲ್ಲು ಕಚ್ಚಿ ಬೆಳೆದ ನಮ್ಮ ಕುರಿಮರಿಯ ಹೊಟ್ಟೆಗೆ ಆ ವಿದ್ಯೆ ಎಲ್ಲಿಂದ ಬರಬೇಕು?

"ಸಾರ್, ಅವರು ಸೊನ್ನದು ವೆಳ್ಳಾಡಾ, ಸೆಮ್ಮರಿಯಾಡಾ?" ಎಂದೆ.

ಬಾಗಿಲಲ್ಲಿದ್ದ ಕುಪ್ಪುಸ್ವಾಮಿಯಿಂದ ಹಿಡಿದು ಗುಮಾಸ್ತೆಯವರೆಗೆ ಎಲ್ಲರೂ ನಕ್ಕರು. ಮೇಕೆಮರಿ ಅಟ್ಟಿಸಿಕೊಂಡು ಬಂದ ಕನ್ನಡತ್ತಮ್ಮ ಇನ್ನೂ ಆಡಿನ ಗೊಂದಲದಿಂದ ಹೊರಬಂದಿಲ್ಲ ಎಂದು. ಸಾಂಬಮೂರ್ತಿಗಳೂ ನಕ್ಕು, "ಆಡುನ್ನಾ ಆಡುದಾಮ್ಮಾ" ಎಂದುಬಿಟ್ಟರು. ಆಡು ಅಂದರೆ ಆಡೇ. ಸೊಪ್ಪು ಹೆಚ್ಚಾದರೆ ಉಣ್ಣೆ ಉದುರುತ್ತದೆ ಎಂದು ಪುಸ್ತಕದಲ್ಲಿದೆ ಎಂದೆ. "ಅದು ಹೊರದೇಶದ ಕುರಿ. ನಮ್ಮದಕ್ಕೆ ಉಣ್ಣೆಯೇ ಇಲ್ಲ, ಉದುರುವುದೇನು?" ಎಂದರು. ಮತ್ತೆ ನಗು.

ಆ ಸಂಜೆ ಬಸ್ಸಿನಲ್ಲಿ ರುಕ್ಮಿಣಿಗೆ ಬಿಡಿಸಿ ಹೇಳಿದೆ. "ನೋಡ್ರೀ, ನಿಮ್ಮ ಮರಿಗಳು ಕೆಡ್ತಾವೆ. ಹಂಗೆ ಸುರಿಬ್ಯಾಡ್ರಿ."

ಅವಳು ನನ್ನ ಮುಖವನ್ನೇ ನೋಡಿದಳು. "ನನ್ನ ಮರಿಗಳು ಚೆನ್ನಾಗಿ ಬೆಳೀತಿವೆ ಅಂತ ನಿಮಗೆ ವರುತ್ತಂ ಇದೆ, ನನಗೆ ತಿಳಿಯತ್ತೆ. ಪರವಾಯಿಲ್ಲೆ" ಎಂದಳು.

ಅವಳು ಹೇಳಿದ್ದು ನಿಜ. ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಹೇಳಿದ್ದೂ ನಿಜ. ಎರಡು ನಿಜಗಳು ಒಂದೇ ಬಾಯಿಂದ ಬಂದರೆ ಜನ ತಮಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಈ ವೃತ್ತಿಗೆ ಬರುವವರಿಗೆ ನನ್ನ ಒಂದೇ ಬುದ್ಧಿಮಾತು: ಹೊಟ್ಟೆಕಿಚ್ಚು ಪಡುವುದಾದರೆ ಮುಖಕ್ಕೆ ಬಾರದಂತೆ ಪಡಿ, ಇಲ್ಲದಿದ್ದರೆ ನಿಮ್ಮ ವಿದ್ಯೆಗೂ ಬೆಲೆಯಿಲ್ಲ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಒಂದು ಬೆಳಿಗ್ಗೆ ರುಕ್ಮಿಣಿ ಒಂದು ಮರಿಯ ಬೆನ್ನು ಸವರಿದಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಇನ್ನೊಂದನ್ನು ಮುಟ್ಟಿದಳು, ಅದರದೂ ಅಷ್ಟೇ. ಮೂರ್ನಾಲ್ಕು ದಿನದಲ್ಲಿ ಅವಳ ಮಿನುಗುವ ಮರಿಗಳು ತೇಪೆತೇಪೆಯಾಗಿ ಬೋಳಾದವು. ಜೊಲ್ಲು ಸುರಿಸುತ್ತ, ಮೇಯದೆ, ನೆರಳಿನಲ್ಲಿ ಮುದುರಿಕೊಂಡು ನಿಂತವು. ದಿನಾ ಎಲೆ ಅಗಿಯುತ್ತಿದ್ದ ಸಾಂಬಮೂರ್ತಿಗಳು ತಮ್ಮ ತಲೆಯನ್ನು ಮೆಲ್ಲಗೆ ಸವರಿಕೊಳ್ಳುವುದನ್ನು ಎಲ್ಲರೂ ನೋಡಿದರು, ಯಾರೂ ನಗುವ ಧೈರ್ಯ ಮಾಡಲಿಲ್ಲ.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳಲಾರೆ. ಒಂದು ಗಳಿಗೆ ಅದೇ ಸಂತೋಷ, ಮರುಗಳಿಗೆ ಮರಿಗಳ ಮೇಲೆ ಕಣ್ಣು ಬಿತ್ತು. ಬೋಳು ಮೈಯ ಮೇಲೆ ನೊಣ ಕೂರುತ್ತಿತ್ತು, ಓಡಿಸಲೂ ಅವಕ್ಕೆ ತ್ರಾಣವಿರಲಿಲ್ಲ. ಸುಬಾಬುಲ್ ನಿಲ್ಲಿಸಿ, ನನ್ನ ಅಗಸೆ ಕಟ್ಟುಗಳನ್ನು ಒಯ್ದು ಅವುಗಳ ಮುಂದೆ ಕಟ್ಟಿದೆ. ನನ್ನ ಮರಿಗಳು ಬರೀ ಒಣಹುಲ್ಲು ತಿಂದವು. ನಿಧಾನವಾಗಿ ಅವಳವು ಚೇತರಿಸಿಕೊಂಡವು.

ಆಮೇಲೆ ರುಕ್ಮಿಣಿ ಮಾಡಿದ ಕೆಲಸ ಕೇಳಿ. ಯಾರೂ ಕೇಳದೆ, ಎಲ್ಲರ ಎದುರಿಗೆ ಸಾಂಬಮೂರ್ತಿಗಳ ಮುಂದೆ ನಿಂತು, "ಸರ್ವಮಂಗಳಾ ಮೊದಲೇ ಹೇಳಿದ್ದರು. ನಾನೇ ಕೇಳಲಿಲ್ಲ, ತಪ್ಪು ನನ್ನದು" ಎಂದಳು. ಕೊನೆಗೂ ನನ್ನ ಹೆಸರು ಆ ಕೋಣೆಯಲ್ಲಿ ಕೇಳಿಸಿತು. ನಾನು ಸೀರೆಯ ಸೆರಗು ಸರಿಪಡಿಸಿಕೊಂಡು ಕಾದೆ. ಸಾಂಬಮೂರ್ತಿಗಳ ಕಣ್ಣು ತುಂಬಿ ಬಂತು. "ರುಕ್ಮಿಣಿ! ಎಂಥ ದೊಡ್ಡ ಮನಸ್ಸಮ್ಮ ನಿನ್ನದು!" ಎಂದರು. ಗುಮಾಸ್ತೆ ತಲೆದೂಗಿದ. ಕುಪ್ಪುಸ್ವಾಮಿ ಕೈಮುಗಿದ. ಸರಿ ಹೇಳಿದವಳು ನಾನು, ದೊಡ್ಡ ಮನಸ್ಸು ಅವಳದು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದೇ.

ಹೊಸೂರಿನ ಕುರುಬರು ಬಂದರು. ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡು, ಆ ಸೆಕೆಯಲ್ಲೂ ಅದನ್ನು ಕೆಳಗಿಡದೆ, ಬೇವಿನ ಮರದ ಕೆಳಗೆ ಕೂತರು. ಅಗಸೆ, ಸುಬಾಬುಲ್ ಎರಡರ ಬೀಜದ ಪೊಟ್ಟಣಗಳೂ ಸಿದ್ಧವಾಗಿದ್ದವು. ನನ್ನ ಮರಿಗಳೇ ಚೆನ್ನಾಗಿದ್ದವು, ಮಾತಿನಂತೆ ನಾನೇ ನಿಲ್ಲಬೇಕಿತ್ತು. ಸಾಂಬಮೂರ್ತಿಗಳು ಒಂದೆರಡು ಮಾತು ತಮಿಳಿನಲ್ಲಿ ಆಡಿ, ಅವರ ಮುಖ ನೋಡಿ, ಸುತ್ತ ಕಣ್ಣಾಡಿಸಿ, ಅಭ್ಯಾಸಬಲದಿಂದ, ಅವಳ ಕನ್ನಡ ಅಂದು ಮಾತ್ರ ನೆನಪಾಗಿ, "ರುಕ್ಮಿಣಿ, ನಿನಗೂ ಕನ್ನಡ ಬರುತ್ತಲ್ಲ, ಹೇಳಮ್ಮಾ" ಎಂದರು.

ನಾನು ಎದ್ದಿದ್ದವಳು ಕೂತೆ. ಮೈಯೆಲ್ಲ ಉರಿದುಹೋಯಿತು.

ರುಕ್ಮಿಣಿ ಮುಂದೆ ಹೋಗಿ, "ಎಲ್ಲರಿಗೂ ವಣಕ್ಕಂ" ಎಂದು ಶುರು ಮಾಡಿದಳು. "ಈ ಸುಬಾಬುಲ್ ಸೊಪ್ಪನ್ನ ಆಡುಗೆ ತುಂಬಾ ಹಾಕಬಾರದು. ಆಡು ಮೇಯ್ದು ಬಂದ ಮೇಲೆ ಸಾಯಂಗಾಲ ಕೊಂಜ ಕೊಂಜ ಕೊಡಬೇಕು."

ಮುಂದೆ ಕೂತಿದ್ದ ಒಬ್ಬ ಹಿರಿಯ ಎದ್ದು ನಿಂತ. "ತಾಯಿ, ನಮ್ಮತ್ರ ಆಡಿಲ್ಲ. ನಮ್ಮಾವು ಕುರಿ. ಇಷ್ಟು ದೂರ ಯಾಕೆ ಕರಸಿದ್ರಿ?"

"ಅದೇ, ಆಡು..." ಎಂದು ರುಕ್ಮಿಣಿ ಮತ್ತೆ ಹೇಳಿದಳು.

"ಆಡಲ್ಲ ಕಣಮ್ಮಾ, ಕುರಿ" ಎಂದ ಅವನು, ಕಿವುಡರಿಗೆ ಹೇಳುವಂತೆ. ಪಕ್ಕದವನು, "ಬಿಡಣ್ಣಾ, ತಮಿಳಮ್ಮ ಅದು, ಅದಕ್ಕೇನು ಗೊತ್ತು" ಎಂದ. ಕೆಲವರು ಕಂಬಳಿ ಕೊಡವಿ ಏಳತೊಡಗಿದರು. ರುಕ್ಮಿಣಿಯ ಮುಖ ಬಿಳಿಚಿಕೊಂಡಿತು. ಮಾತಿಗೆ ಎಂದೂ ತಡವರಿಸದವಳು ತಿರುಗಿ ನನ್ನನ್ನು ನೋಡಿದಳು.

ನಾನು ಎದ್ದು ಹೋದೆ. ಯಾರೂ ಕರೆಯಲಿಲ್ಲ, ನಾನೇ ಹೋದೆ. "ಕೂತ್ಕಳ್ರಪ್ಪಾ, ಈ ಸೊಪ್ಪು ಕುರಿಗೇ" ಎಂದೆ. "ಕುರಿ ಬ್ಯಾರೆ, ಆಡು ಬ್ಯಾರೆ. ಆಡು ತಿಂದು ಅರಗಿಸ್ಕೊಂತು ಅಂತ ಕುರಿಮರಿಗೆ ಸುರಿದ್ರೆ ಮೈ ಬೋಳಾಗ್ತತಿ. ನಾವು ಸುರಿದು ಕೆಟ್ಟೀವಿ, ನೀವು ಕೆಡಬ್ಯಾಡ್ರಿ." ಮರಿಗಳನ್ನು ಹಿಡಿಸಿ, ಆಗತಾನೇ ಕೂದಲು ಚಿಗುರುತ್ತಿದ್ದ ಬೆನ್ನನ್ನು ಅವರ ಕೈಯಿಂದಲೇ ಮುಟ್ಟಿಸಿದೆ. ಮೇಯ್ದು ಬಂದ ಮೇಲೆ ಎಷ್ಟು ಕೊಡಬೇಕು, ಒಂದು ಗಳಿಗೆ ಬಾಡಿಸಿ ಹೇಗೆ ತೂಗುಹಾಕಬೇಕು ಎಂದು ಮಾಡಿ ತೋರಿಸಿದೆ. ಯಾರೂ ಏಳಲಿಲ್ಲ. ಎಲ್ಲ ಮುಗಿದು ಬೀಜದ ಪೊಟ್ಟಣ ಕೈಗೆ ತೆಗೆದುಕೊಳ್ಳುವಾಗ ಆ ಹಿರಿಯ, "ನಿನ್ನ ಹೆಸರೇನವ್ವಾ? ಊರಾಗೆ ಕೇಳ್ತಾರೆ, ಯಾರು ಹೇಳಿದ್ರು ಅಂತ" ಎಂದ. ಹೇಳಿದೆ. ಅವನು ಅದನ್ನು ಗಟ್ಟಿಯಾಗಿ ಒಂದು ಸಲ ಅಂದುಕೊಂಡ. ಪಕ್ಕದಲ್ಲಿದ್ದ ಸಾಂಬಮೂರ್ತಿಗಳೂ, "ಸರ್ವ... ಸರ್ವಮಂಗಳಂ" ಎಂದರು. ಭಜನೆ ಮುಗಿಸುವವರಂತೆ ಹೇಳಿದರೂ, ಹೇಳಿದರು.

ಅಂದು ವಾಪಸಾಗುವಾಗ ಬಸ್ಸಿನಲ್ಲಿ ರುಕ್ಮಿಣಿ ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದಳು. ನನಗೆ ಗೆದ್ದ ಹುಮ್ಮಸ್ಸು. ಅವಳೇ ಮಾತೆತ್ತಲಿ ಎಂದು ಕಾದೆ. ಮೂಲಕ್ಕಡೈ ದಾಟಿದ ಮೇಲೆ ಅವಳು ತಿರುಗಿದಳು.

"ನಿಮಗೆ ಕುರಿಗೊಂದು, ಆಡಿಗೊಂದು ಮಾತಿದೆ. ನಮ್ಮ ಮನೇಲಿ ಮಿಚ್ಚ, ಉಳಿದಿರೋದು ಒಂದೇ" ಎಂದಳು. "ಪೊರಾಮೈ ಅಂತಾರಲ್ಲ, ಒಬ್ಬರನ್ನ ನೋಡಿದ್ರೆ ಒಳಗೆ ಎರಿಯತ್ತೆ, ಅದು. ಅದಕ್ಕೆ ಕನ್ನಡದಲ್ಲಿ ಏನು?"

"ಯಾಕ್ರೀ?"

"ನಿಮ್ಮನ್ನ ನೋಡಿದ್ರೆ ನನಗೆ ಅದು. ಸುಮ್ಮಾ ಹೇಳ್ತಿಲ್ಲ. ನೀವು ಬಂದ ದಿನದಿಂದ. ನಮ್ಮ ಪಾಟಿ, ಅಜ್ಜಿ, ಮಾತಾಡ್ತಿದ್ದ ಕನ್ನಡ ನಿಮ್ಮ ಬಾಯಲ್ಲಿ ಬರತ್ತೆ. ನನಗೆ ಬರೋಲ್ಲ. ದಿನಾ ಸೀಟು ಇಡೋದು ಯಾಕೆ ಅಂದ್ಕೊಂಡ್ರಿ? ಪಕ್ಕದಲ್ಲಿ ಕೂತ್ರೆ ನಾಲ್ಕು ಮಾತು ಕೇಳಬಹುದು ಅಂತ."

"ಹೊಟ್ಟೆಕಿಚ್ಚು" ಎಂದೆ.

"ಹೊಟ್ಟೆ... ಕಿಚ್ಚು" ಎಂದು ಅವಳು ಬಾಯಲ್ಲಿ ಹಾಕಿ ನೋಡಿದಳು. "ಎಷ್ಟು ಸರಿಯಾದ ಮಾತು" ಎಂದು ನಕ್ಕು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಪೆರಂಬೂರು ಬಂತು, ಇಳಿದೆ. ಮನೆಯ ಕಡೆ ನಡೆಯುವಾಗ ಗೆದ್ದ ಹುಮ್ಮಸ್ಸು ಎಲ್ಲೂ ಕಾಣಲಿಲ್ಲ. ಆ ಮಾತನ್ನು ನಾನು ವರ್ಷಗಟ್ಟಲೆ ಪೆರಂಬೂರಿನಿಂದ ಮಾಧವರಂಗೆ, ಮಾಧವರಂನಿಂದ ಪೆರಂಬೂರಿಗೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೆ. ಅವಳ ಎದುರಿಗಿರಲಿ, ಕಟ್ಟಿಕೊಂಡ ಗಂಡನ ಎದುರಿಗೂ ಬಾಯಿಬಿಟ್ಟಿರಲಿಲ್ಲ. ಅದಕ್ಕೊಂದು ಪದವೂ ಗೊತ್ತಿಲ್ಲದವಳು, ನನ್ನ ಹತ್ತಿರವೇ ಪದ ಕೇಳಿ, ಹೇಳಿ ಮುಗಿಸಿದ್ದಳು. ಅದರಲ್ಲೂ ಅವಳೇ ಮೊದಲು.